ಹಲ್ಲಿನ ದವಾಖಾನೆಯ ಮೀನುಗಳ್ಳ

"ಆ ಟ್ಯೂಬ್‌ಲೈಟ್ ಬಂದ್ ಮಾಡ್ರಿ ಅಂದ್ರ! ಕಿಡಕಿಗೆ ಚಾದರ ಕಟ್ರಿ. ಹೊರಗ ಮಟಮಟ ಮಧ್ಯಾಹ್ನ ಐತಿ ಅನ್ನೋದು ಕಳ್ಳಗ ತಿಳೀಬಾರದು."

ಹೀಗೆ ಅಪ್ಪಣೆ ಕೊಡಿಸಿ ಸರೋಜವ್ವ ಮಂಡಿಯೂರಿ ಕೂತು, ಮೀನಿನ ತೊಟ್ಟಿಯ ಗಾಜಿಗೆ ಮೂಗು ಒತ್ತಿದಳು. ಒಳಗಿದ್ದ ಮೀನುಗಳು ಬೆದರಿ ಮೂಲೆಗೆ ಓಡಿದವು. ಶಿಗ್ಗಾಂವಿ ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿದ್ದಾಗಲೂ ಅವಳ ಮುಖ ಹತ್ತಿರ ಬಂದರೆ ಆಡುಗಳ್ಳರು ಹೀಗೇ ಮೂಲೆ ಹಿಡಿಯುತ್ತಿದ್ದರು. ರಿಟೈರಾಗಿ ಸವಣೂರಿನ ಮನೆಯಲ್ಲಿ ಸುಮ್ಮನೆ ಕೂತು ಎಲಿ ಅಡಿಕಿ ಹಾಕೋಣ ಅಂದರೆ ಊರವರು ಬಿಡಬೇಕಲ್ಲ!

ಈಗ ಕರೆಸಿದ್ದವರು ಹಾನಗಲ್ಲಿನ ಹಲ್ಲಿನ ಡಾಕ್ಟರು ಸುಯಮೀಂದ್ರ. ಅವರ ದವಾಖಾನೆಯ ಉಪ್ಪುನೀರಿನ ತೊಟ್ಟಿಯಿಂದ ಮೀನುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಹಿಂದೆ ಎರಡು ಸಲ ಮೀನು ಕಳೆದಾಗಲೂ ಸರೋಜವ್ವ ಬಂದು ಬರಿಗೈಯಲ್ಲಿ ಮರಳಿದ್ದಳು. ಇವತ್ತು ಬೆಳಿಗ್ಗೆ ಭೀಮಸೇನನೂ ಹೋಗಿದ್ದ. ಭೀಮಸೇನ ಅಂದರೆ ಕಿರುಬೆರಳಿನಷ್ಟುದ್ದದ ಒಂದು ಹಳದಿ ಮೀನು. ಹೆಸರಿಟ್ಟವರು ಡಾಕ್ಟರ ತಾಯಿ ಗೋಪಿಕಾಬಾಯಿ.

ದವಾಖಾನೆಯ ಕೀಲಿ ಇದ್ದದ್ದು ಡಾಕ್ಟರ ಹತ್ತಿರ ಒಂದು, ಕೆಲಸಕ್ಕಿದ್ದ ಶೀಲಾಳ ಹತ್ತಿರ ಒಂದು. ಡಾಕ್ಟರಿಗೆ ಅಷ್ಟೇ ಸಾಕಾಗಿತ್ತು.

"ಸಂಜೀಕೆ ದವಾಖಾನಿ ಬಾಗಲಾ ತೆಗಿಯೋದ್ರಾಗ ಕಳ್ಳ ಸಿಗಲಿಲ್ಲಂದ್ರ ನಾಳಿಂದ ಈಕಿ ಬರೋದು ಬ್ಯಾಡ. ನಾ ಸ್ಟೇಶನ್ನಿಗೂ ಹೋಗಾಂವ" ಎಂದಿದ್ದರು ಅವರು, ಶೀಲಾಳ ಎದುರಿಗೇ.

ಶೀಲಾ ಮೂಲೆಯಲ್ಲಿ ಇಕ್ಕಳಗಳನ್ನು ಒರೆಸುತ್ತ ನಿಂತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. "ಕೆಲಸ ಹೋದ್ರ ಹೋಗಲಿ ಅವ್ವಾರ. ಮೀನಗಳ್ಳಿ ಅಂತ ಹೆಸರು ಬಂತಂದ್ರ ಈ ಹಾನಗಲ್ಲಿನ್ಯಾಗ ನನ್ನ ಯಾರ ಒಳಗ ಬಿಟ್ಕೋತಾರ್ರಿ?" ಎಂದು ಮೆಲ್ಲಗೆ ಕೇಳಿದಳು.

ಅಷ್ಟರಲ್ಲಿ ರವಿಕುಮಾರ ಬಂದ. ಹಿರೇಕೆರೂರಿನಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟವನು, ಈ ತೊಟ್ಟಿ ಕೂಡಿಸಿಕೊಟ್ಟವನೂ ಅವನೇ. ಬೈಕಿನ ಮೇಲೆ ಅಷ್ಟು ದೂರ ಬಂದು ಮುಖವೆಲ್ಲ ಧೂಳಾಗಿತ್ತು.

"ಬಾರಪ್ಪಾ ಬಾ. ಈ ಹುಡುಗಿ ಮೀನ ಕದ್ದು ನಿನ್ನ ಕೈಯಾಗ ಕೊಡತಾಳ, ನೀ ಹಿರೇಕೆರೂರಾಗ ಮಾರತೀ ಅಂತ ಡಾಕ್ಟರ್ ಸಾಹೇಬ್ರ ಅನುಮಾನ. ಏನಂತೀ?"

"ಯವ್ವಾ! ಹಿರೇಕೆರೂರಾಗ ಉಪ್ಪುನೀರಿನ ತೊಟ್ಟಿ ಇಟ್ಟವ್ರು ಯಾರದಾರ್ರಿ? ಎಲ್ಲಾರೂ ಗೋಲ್ಡ್ ಫಿಶ್ ಗಿರಾಕಿಗೋಳು. ಈ ಮೀನ ಆ ನೀರಾಗ ಬಿಟ್ರ ಹೊತ್ತು ಮುಳುಗೋದ್ರಾಗ ಮ್ಯಾಲೆ ತೇಲತೈತಿ. ಕದ್ದು ಮಾರಾಕ ತೊಗೊಳ್ಳವ್ರು ಬೇಕಲ್ರಿ!"

ಸರೋಜವ್ವ ತಲೆಯಾಡಿಸಿದಳು. ನೌಕರಿ ಕಲಿಸಿದ ಪಾಠ ಅದು: ಕೊಳ್ಳುವವರಿಲ್ಲದ ಮಾಲನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ.

"ಡಾಕ್ಟರ್ ಸಾಹೇಬ್ರ, ಇದು ಕಳ್ಳತನ ಅಲ್ರಿ. ಕೊಲಿ. ಕೊಲಿಗಾರ ಹೊರಗಿಂದ ಬಂದಾಂವ ಅಲ್ಲ, ಈ ತೊಟ್ಟಿ ಒಳಗ ಅದಾನ."

"ಒಳಗ ಮೀನ ಬಿಟ್ರ ಕಲ್ಲ ಅದಾವ, ಅಷ್ಟ" ಎಂದರು ಡಾಕ್ಟರು.

"ಅವು ಬರೇ ಕಲ್ಲಲ್ರಿ, ಲೈವ್ ರಾಕ್" ಎಂದ ರವಿಕುಮಾರ. "ಅಂದ್ರ ಜೀವ ಇರೋ ಕಲ್ಲು. ಮುಂಬೈ ಕಡೆ ಸಮುದ್ರದ ನೀರಿನ ಹೊಂಡದಾಗ ವರ್ಷಗಟ್ಲೆ ಇಟ್ಟಿರತಾರ. ತೂತಿನ್ಯಾಗ ಕಣ್ಣಿಗೆ ಕಾಣದಂಥ ಜೀವ ಕುಂತು ನೀರು ಸ್ವಚ್ಛ ಮಾಡತಾವ. ಆದ್ರ ಒಂದೊಂದ್ ಸಲ ಅವುಗಳ ಜೋಡಿ ಕರೀದವ್ರೂ ಬರತಾರ. ಏಡಿ, ಹುಳ, ಏನೇನೋ. ತೂತಿನ್ಯಾಗ ಮುದುಡಿ ಕುಂತಬಿಟ್ಟಿರತಾವ, ಕಾಣೂದಿಲ್ಲ."

"ಟಿಕೀಟಿಲ್ಲದ ಬಸ್ ಹತ್ತಿದವ್ರು ಅನ್ನು."

"ಹಂಗ ಅನ್ರಿ."

"ಹಂಗಾದ್ರ ಎಲ್ಲಾರನೂ ಕೆಳಗ ಇಳಸೂಣು. ಹಚ್ಚು ಬ್ಯಾಟರಿ."

ರವಿಕುಮಾರ ಬ್ಯಾಟರಿಯ ಬಾಯಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿದ. ಕತ್ತಲಲ್ಲಿ ಹೊರಬರುವ ಈ ಜೀವಿಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದಂತೆ. ಬೆಳಕಿದೆ ಎಂದು ಗೊತ್ತಾಗದೆ ಧೈರ್ಯವಾಗಿ ತಿರುಗಾಡುತ್ತವಂತೆ. ದೀಪ ಆರಿತು. ಹೊರಗೆ ಕಟ್ಟೆಯ ಮೇಲೆ ಗಲ್ಲ ಊದಿಸಿಕೊಂಡು ಕೂತ ಪೇಶಂಟು ಒಬ್ಬಾತ "ಒಳಗ ಏನು ನಡದೈತ್ರೀ?" ಎಂದು ಕೂಗಿದ. "ಆಪರೇಶನ್!" ಎಂದು ಸರೋಜವ್ವ ಗದರಿದಳು. ಆಮೇಲೆ ಅಲ್ಲಿಂದ ಸಪ್ಪಳವೇ ಇಲ್ಲ. ಆ ಪೇಶಂಟು ಮನೆಗೇ ಹೋಗಿಬಿಟ್ಟ ಎಂದು ಆಮೇಲೆ ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಒಂದು ಕಲ್ಲಿನ ಸಂದಿಯಿಂದ ಶಾವಿಗೆ ಎಳೆಗಳಂಥವು ಹೊರಬಂದು ಆಡತೊಡಗಿದವು.

"ಹಿಡೀರಿ ಅವನ್ನ!"

"ಅಯ್ಯ ಬಿಡ್ರಿ ಅವ್ವಾರ. ನಕ್ಷತ್ರಮೀನಿನ ಪೈಕಿ ಅದು. ನೆಲದ ಮ್ಯಾಲೆ ಬಿದ್ದಿದ್ದು ಬಳಕೊಂಡು ತಿನ್ನೋ ಬಡಪಾಯಿ."

ಬಡಪಾಯಿಯನ್ನು ಬಿಟ್ಟದ್ದಾಯಿತು. ಆಮೇಲೆ ಬಂದದ್ದನ್ನು ನೋಡಿ ಸರೋಜವ್ವ ಹಿಂದಕ್ಕೆ ಜಿಗಿದು ಡಾಕ್ಟರ ಕಾಲು ತುಳಿದಳು. ಗೇಣುದ್ದದ ಹುಳ, ಜರಿಹುಳದ ಥರ. ಮೈಯ ಎರಡೂ ಕಡೆ ಬಿಳೀ ಮುಳ್ಳುಗೂದಲು.

"ಇವನ! ಮಾರಿ ನೋಡಿದ್ರ ಗೊತ್ತಾಗತೈತಿ, ಇವನ ಕೊಲಿಗಾರ. ಕೊಡ್ರಿಲ್ಲೆ ಇಕ್ಕಳ!"

"ಮುಟ್ಟಬ್ಯಾಡ್ರಿ, ಮುಳ್ಳು ಚುಚ್ಚಿದ್ರ ಬೆರಳು ಧಗಧಗ ಉರೀತಾವ" ಎಂದು ರವಿಕುಮಾರ ಅಡ್ಡ ಬಂದ. "ಎಲ್ಲಾರೂ ಮೊದಲ ಇದನ್ನ ಹಿಡಕೊಂಡು ಹೊಡೀತಾರ್ರಿ. ಇದು ಸತ್ತದ್ದು ಕೊಳತದ್ದು ತಿಂದು ತೊಟ್ಟಿ ಸ್ವಚ್ಛ ಇಡತೈತಿ. ಈಸ್ಯಾಡೋ ಮೀನಿನ ತಂಟೆಕ ಹೋಗೂದಿಲ್ಲ."

"ಖರೇನ?"

"ನಿಮ್ಮಾಣಿ."

ಸರೋಜವ್ವ ಮನಸ್ಸಿಲ್ಲದ ಮನಸ್ಸಿನಿಂದ ಇಕ್ಕಳ ಕೆಳಗಿಟ್ಟಳು. ಮುಖ ನೋಡಿ ಅಪರಾಧಿ ಎನ್ನುವುದಾದರೆ ಅರ್ಧ ಶಿಗ್ಗಾಂವಿಯನ್ನು ಒಳಗೆ ಹಾಕಬೇಕಾಗುತ್ತಿತ್ತು, ನಿಜ. ಮುಂದೆ ಬಂದವನು ಶೇಂಗಾಬೀಜದಷ್ಟು ಗಾತ್ರದ ಒಂದು ಏಡಿ. ಅದು ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ಬಾಯಿಗೆ ಹಾಕಿಕೊಳ್ಳುತ್ತ ತನ್ನ ಪಾಡಿಗೆ ತಾನು ನಡೆಯಿತು. ಇವನು ಭೀಮಸೇನನನ್ನು ಕೊಂದ ಅಂದರೆ ಯಾವ ಕೋರ್ಟೂ ನಂಬುವುದಿಲ್ಲ.

ಆಗಲೇ ಸರೋಜವ್ವನ ಕಣ್ಣಿಗೆ ಬಿದ್ದದ್ದು ಹಿಂದಿನ ಮೂಲೆಯ ಕಲ್ಲು. ಅದರ ಬುಡದಲ್ಲಿ ಒಂದು ದುಂಡನೆ ತೂತು. ತೂತಿನ ಎದುರಿಗೆ ಸಣ್ಣ ಬಸವನಹುಳಗಳ ಚಿಪ್ಪಿನ ಚೂರು ರಾಶಿಯಾಗಿ ಬಿದ್ದಿದ್ದವು, ಶೇಂಗಾ ತಿಂದು ಸಿಪ್ಪೆ ಬಾಗಿಲಲ್ಲೇ ಒಗೆದ ಹಾಗೆ.

"ಡಾಕ್ಟರ್ ಸಾಹೇಬ್ರ, ಒಂದೆರಡು ಚೂರು ತೆಗೀರಿ. ಕಚ್ಚಿ ಒಡದದ್ದೋ ಹೆಂಗ, ನೋಡ್ರಿ. ಹಲ್ಲಿನ ಬಾಬತ್ತು ನಿಮ್ದ."

ಸುಯಮೀಂದ್ರ ದೀಪ ಹಾಕಿ, ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿ ಹಿಡಿದರು. ಅಷ್ಟು ಹೊತ್ತು ಮುಖ ಗಂಟಿಕ್ಕಿಕೊಂಡಿದ್ದ ಮನುಷ್ಯ ಒಮ್ಮೆಲೇ ಚುರುಕಾದರು. "ಕಚ್ಚಿದ್ದಲ್ಲ ಇದು. ಕಚ್ಚಿದ್ರ ಎರಡೂ ಬಾಜೂಕ ಗುರ್ತು ಬೀಳ್ತಾವ. ಇದು ಒಂದ ಕಡೆಯಿಂದ ಪೆಟ್ಟು ಬಿದ್ದು ಸೀಳ್ಯದ. ಬೈಕಿನಿಂದ ಬಿದ್ದು ಹಲ್ಲು ಮುರಕೊಂಡು ಬರ್ತಾರಲ್ಲ, ಹಂಗ. ಯಾರೋ ಗುದ್ದ್ಯಾರ."

"ಗುದ್ದ್ಯಾರ?" ಎಂದ ರವಿಕುಮಾರ. ಅವನ ಮುಖದ ಬಣ್ಣ ಇಳಿಯಿತು.

ಡಾಕ್ಟರು ಬಾಯಿ ನೋಡುವ ಉದ್ದನೆ ಹಿಡಿಕೆಯ ಪುಟ್ಟ ಕನ್ನಡಿಯನ್ನು ನೀರಿಗಿಳಿಸಿ ತೂತಿನ ಎದುರಿಗೆ ಹಿಡಿದರು. "ಆಂ, ಬಾಯಿ ದೊಡ್ಡದು ಮಾಡ್ರಿ" ಎಂದು ರೂಢಿಯಂತೆ ಅಂದುಬಿಟ್ಟರು. ಯಾರೂ ನಗಲಿಲ್ಲ. ಕನ್ನಡಿಯೊಳಗೆ ಎರಡು ಕಣ್ಣು ಮೂಡಿದ್ದವು. ಕಡ್ಡಿಯ ತುದಿಗೆ ಗುಂಡು ಸಿಕ್ಕಿಸಿದಂಥ ಕಣ್ಣು. ಒಂದು ಡಾಕ್ಟರ ಕಡೆ ತಿರುಗಿತು, ಇನ್ನೊಂದು ಸರೋಜವ್ವನ ಕಡೆ.

ಟಕ್!

ಡಾಕ್ಟರು ಕೈ ಹಿಂದಕ್ಕೆ ಎಳೆದುಕೊಂಡರು. ಕನ್ನಡಿ ನಡುವೆ ಸೀಳಿತ್ತು.

"ಮ್ಯಾಂಟಿಸ್ ಸಿಗಡಿ!" ರವಿಕುಮಾರ ಎರಡು ಹೆಜ್ಜೆ ಹಿಂದೆ ಸರಿದ. "ಸಿಗಡಿ ಅಂತಾರ ಖರೆ, ಇದು ಪೈಲ್ವಾನರೀ. ಮುಂದಿನ ಕೈಯಿಂದ ಗುದ್ದಿದ್ರ ಚಿಪ್ಪು ಪುಡಿಪುಡಿ. ಹಸದರ ಮೀನಾನೂ ಬಿಡಂಗಿಲ್ಲ."

"ಸಿಕ್ಕಾ ನೋಡ್ರಿ ನಿಮ್ಮ ಕಳ್ಳ!" ಎಂದಳು ಸರೋಜವ್ವ. ಶೀಲಾ ಇಕ್ಕಳ ಕೆಳಗಿಟ್ಟು ಮೊದಲ ಸಲ ತಲೆಯೆತ್ತಿದಳು.

ಆದರೆ ಡಾಕ್ಟರು ಅಷ್ಟು ಸುಲಭಕ್ಕೆ ಒಪ್ಪುವ ಕುಳವಲ್ಲ. "ಒಂದು ಮಾತು ಹೇಳ್ರಿ. ಇದು ಬಸವನಹುಳ ತಿಂದದ, ಕಬೂಲ್. ಮೀನು ತಿಂತು ಅನ್ನಲಿಕ್ಕೆ ಏನಾಧಾರ? ಮೀನೂ ಇದೂ ಕೂಡೇ ಇದ್ವು. ದಿನಾ ಬಿಟ್ಟು ಯಾವಾಗೋ ಒಮ್ಮೆ ಒಂದು ಮೀನು ಯಾಕ ಹೋಗತದ? ಶೀಲಾ ಒಯ್ದಿಲ್ಲ ಅಂತ ಇದರಿಂದ ಹೆಂಗ ಸಿದ್ಧ ಆತು?"

ಪ್ರಶ್ನೆ ಸರಿಯಾಗೇ ಇತ್ತು. ಆದರೆ ಸರೋಜವ್ವನ ಹೊಟ್ಟೆ ಗುರ್ ಎನ್ನುತ್ತಿತ್ತು. ಹಸಿದಾಗ ಅವಳ ತಲೆ ಓಡುತ್ತಿರಲಿಲ್ಲ. ಅಷ್ಟರಲ್ಲಿ ಮಹಡಿಯ ಮೇಲಿನ ಮನೆಯಿಂದ ಗೋಪಿಕಾಬಾಯಿ ಇಳಿದು ಬಂದರು. ಭೀಮಸೇನನ ಸುದ್ದಿ ಏನಾದರೂ ಸಿಕ್ಕಿತೇ ಎಂದು ಕೇಳಲು ಬಂದವರು.

ಸರೋಜವ್ವ ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು. "ಬಾಯಾರ, ಒಂದೀಟು ಹುಳಿ ಅನ್ನ ಇದ್ರ ಕೊಡ್ತೀರೇನ್ರಿ?"

"ಅಯ್ಯ ನಮ್ಮವ್ವಾ, ಇವತ್ತು ದ್ವಾದಶಿ ಅಲ್ಲೇನ್ರಿ! ನಿನ್ನೆ ಉಪವಾಸ, ಇವತ್ತು ಮುಂಜಾನೆದ್ದು ಪಾರಣಿ ಮುಗಸೇವಿ. ಪಾತ್ರಿ ತೊಳದು ಬೋರಲಾ ಹಾಕೇದ. ಚಹಾ ಮಾಡ್ಲ್ಯಾ?"

ಸರೋಜವ್ವನಿಗೆ ಕೆಟ್ಟ ಸಿಟ್ಟು ಬಂತು. ಹೋದ ಸಲ ಮೀನು ಕಳೆದಾಗ ಬಂದಿದ್ದಳು, ಆಗಲೂ ಇದೇ ಮಾತು. ಅದಕ್ಕೂ ಹಿಂದೆ ಬಂದಾಗಲೂ ಬೋರಲು ಹಾಕಿದ ಪಾತ್ರೆಯೇ. ಸವಣೂರಿನಿಂದ ಬಸ್ಸು ಹತ್ತಿ ಬರುವ ಮುದುಕಿಗೆ ಈ ಮನೆಯಲ್ಲಿ ಒಂದು ದಿನವೂ ಒಂದು ತುತ್ತು ಅನ್ನ ಸಿಗಬಾರದೇ? ಎಲ್ಲ ಬಿಟ್ಟು ಪಾತ್ರೆ ತೊಳೆದ ದಿನವೇ ಯಾಕೆ ಈ ಡಾಕ್ಟರು ಫೋನು ಮಾಡುತ್ತಾರೆ?

ಸಿಟ್ಟು ಅರ್ಧಕ್ಕೇ ನಿಂತಿತು. ಹೌದಲ್ಲ! ಯಾಕೆ?

"ಬಾಯಾರ, ಕುಂಡ್ರಿ. ನಿನ್ನೆ ನೀವು ಏನು ತಿಂದ್ರಿ?"

"ಏಕಾದಶಿ ದಿನ ತಿನ್ನೋದಾ? ಒಂದು ಹನಿ ನೀರೂ ಇಲ್ಲ."

"ಡಾಕ್ಟರ್ ಸಾಹೇಬ್ರು?"

"ಅವಗ ಕೆಲಸ ಇರತದ. ಹಾಲು, ಬಾಳೆಹಣ್ಣು."

"ಮೀನಗೋಳು?"

ಗೋಪಿಕಾಬಾಯಿ ಸೆರಗು ಸರಿಮಾಡಿಕೊಂಡರು. "ಮೀನಿಗೆ ಶೀಲಾ ಹಾಕ್ತಾಳಲ್ಲ."

"ಶೀಲಾ, ನಿನ್ನೆ ಹಾಕಿದೇನವಾ?"

ಶೀಲಾ ಗೋಪಿಕಾಬಾಯಿಯ ಮುಖ ನೋಡಿದಳು, ನೆಲ ನೋಡಿದಳು. ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಮೀನಿನ ಆಹಾರದ ಡಬ್ಬಿ ಇರಬೇಕಾದ ಜಾಗ ಖಾಲಿ ಇತ್ತು.

"ಡಬ್ಬಿ ಎಲ್ಲೈತ್ರಿ ಬಾಯಾರ?"

"ನನಗೇನು ಗೊತ್ತು?"

"ನನ್ನ ಕಣ್ಣಾಗ ಕಣ್ಣಿಟ್ಟು ಹೇಳ್ರಿ."

ಶಿಗ್ಗಾಂವಿಯಲ್ಲಿ ಈ ಮಾತಿಗೆ ಎಂಥೆಂಥವರೋ ಬಾಯಿ ಬಿಟ್ಟಿದ್ದರು. ಗೋಪಿಕಾಬಾಯಿಯೂ ಬಿಟ್ಟರು. "ಹೌದು, ನಾನ ತಗದಿಟ್ಟೇನಿ! ಮೆಟ್ಟಿಲ ಕೆಳಗ ಹಳೇ ಚಪ್ಪಲಿ ಕಪಾಟಿನ್ಯಾಗ ಅದ, ಹೋಗಿ ನೋಡ್ರಿ. ಒಣಗಿದ ಸಿಗಡಿ ಪುಡಿ ಅದು, ಏಕಾದಶಿ ದಿನ ನಮ್ಮ ಮನ್ಯಾಗ ಹೆಂಗ ಬಿಚ್ಚಲಿ? ಈ ಮನ್ಯಾಗ ಕೂಸುಗೂಳ ಬಿಟ್ರ ಎಲ್ಲಾರೂ ಉಪವಾಸ ಮಾಡ್ಯಾರ. ದೇವರು ಮೊದಲನೇ ಅವತಾರ ಎತ್ತಿದ್ದು ಯಾವ ರೂಪದಾಗ ಅಂತೀರಿ? ಮೀನಾಗೇ ಅಲ್ಲೇನು! ಭೀಮಸೇನಗೂ ಒಂದಿಷ್ಟು ಪುಣ್ಯ ಬರಲಿ ಅಂತ ಮಾಡಿದೆ. ಅದರಾಗ ತಪ್ಪೇನದ?"

"ಅವ್ವಾ!" ಎಂದು ಸುಯಮೀಂದ್ರ ತಲೆಗೆ ಕೈ ಹಚ್ಚಿ ಕೂತರು. ಕೂತದ್ದು ಪೇಶಂಟುಗಳ ಕುರ್ಚಿಯ ಮೇಲೆ.

ಸರೋಜವ್ವನಿಗೆ ಈಗ ಎಲ್ಲ ನಿಚ್ಚಳವಾಯಿತು. "ತಿಳೀತೇನ್ರಿ ಡಾಕ್ಟರ್ ಸಾಹೇಬ್ರ? ದಿನಾ ಮೀನು ತಿಂದು ಉಳದದ್ದು ಈ ಕಲ್ಲಿನ ಬುಡಕ್ಕ ಬೀಳತೈತಿ. ಈ ಪೈಲ್ವಾನ ಮನಿ ಬಾಗಲ್ದಾಗ ಕುಂತು ಉಣ್ಣತಾನ. ಏಕಾದಶಿ ದಿನ ಮ್ಯಾಲಿಂದ ಏನೂ ಬೀಳೂದಿಲ್ಲ. ಉಳದವ್ರು ಉಪವಾಸ ಮಾಡಿದ್ರು, ಇವ ನಿಮ್ಮ ಮನಿ ಪದ್ಧತಿ ಒಪ್ಪಲಿಲ್ಲ. ದ್ವಾದಶಿ ತನಕಾನೂ ಕಾಯಲಿಲ್ಲ."

ಗೋಪಿಕಾಬಾಯಿಯ ಕಣ್ಣು ತುಂಬಿ ಬಂದವು. "ಭೀಮಸೇನನ್ನ ನಾನ ಕೊಂದಂಗಾತಲ್ಲೋ ಸುಯಮೀ!" ಎಂದರು. ಆಮೇಲೆ ಶೀಲಾಳ ಕೈ ಹಿಡಿದರು. "ನಿನ್ನ ಮ್ಯಾಲೆ ಇಷ್ಟು ಬಂದರೂ ಯಾಕ ಬಾಯಿ ಬಿಡಲಿಲ್ಲ ನೀ?"

"ಡಾಕ್ಟರಿಗೆ ಹೇಳಬ್ಯಾಡ ಅಂದಿದ್ರೆಲ್ರಿ."

"ನನ್ನ ಮಾತಿಗೆ ಬೆಂಕಿ ಬೀಳಲಿ!"

ಕಲ್ಲನ್ನು ಹಾಗೇ ಎತ್ತಿ ದವಾಖಾನೆಯ ಪ್ಲಾಸ್ಟಿಕ್ ಬಕೀಟಿನಲ್ಲಿಟ್ಟರು. ಗೋಪಿಕಾಬಾಯಿ ಎಷ್ಟೇ ಕರಗಿದ್ದರೂ ಅಡುಗೆಮನೆಯ ಪಾತ್ರೆ ಕೊಡಲು ಮಾತ್ರ ಒಪ್ಪಲಿಲ್ಲ. ಒಳಗಿನವನನ್ನು ಹೊರಗೆ ಹಾಕುವ ಉಪಾಯ ರವಿಕುಮಾರನಿಗೆ ಗೊತ್ತಿತ್ತು: ತೂತಿಗೆ ಸೋಡಾ ಬಿಟ್ಟರೆ ಉಸಿರು ಕಟ್ಟಿ ತಾನೇ ಓಡಿಬರುತ್ತದೆ. ಬಸ್‌ಸ್ಟ್ಯಾಂಡಿಗೆ ಓಡಿ ಗೋಲಿ ಸೋಡಾ ತಂದ. ಗಡಿಬಿಡಿಯಲ್ಲಿ ಮೊದಲು ತಂದದ್ದು ಲಿಂಬು ಉಪ್ಪು ಹಾಕಿದ್ದು. ಅದನ್ನು ಸರೋಜವ್ವ ಕುಡಿದಳು. ಆಮೇಲೆ ತಂದ ಬರೀ ಸೋಡಾವನ್ನು ಡಾಕ್ಟರು ಸಿರಿಂಜಿಗೆ ಎಳೆದು ತೂತಿನೊಳಗೆ ಬಿಟ್ಟರು.

ಬುಳುಬುಳು ನೊರೆ ಎದ್ದಿತು. ಮರುಕ್ಷಣ ಹಸಿರು ಕೆಂಪು ಬಣ್ಣದ ಒಂದು ಜೀವಿ ಬಾಣದಂತೆ ಹೊರಬಂದು ಬಕೀಟಿನ ತಳದಲ್ಲಿ ನಿಂತಿತು. ಬೆರಳುದ್ದ ಇದ್ದೀತು. ಮುಂದಿನ ಎರಡು ಕೈ ಮಡಚಿ ಎದೆಗೆ ಹಚ್ಚಿಕೊಂಡಿತ್ತು.

"ಪಾಪ, ನಮಸ್ಕಾರ ಮಾಡ್ಲಿಕ್ಕತ್ತದ ನೋಡ್ರಿ" ಎಂದರು ಗೋಪಿಕಾಬಾಯಿ.

"ಸ್ಟೇಶನ್ನಿಗೆ ಬಂದ ಮ್ಯಾಲೆ ಎಲ್ಲಾರೂ ಮಾಡತಾರ್ರಿ" ಎಂದಳು ಸರೋಜವ್ವ.

ತೂತಿನಿಂದ ನೊರೆಯ ಜೊತೆ ಹಳದಿ ರೆಕ್ಕೆಯ ಒಂದು ಚೂರೂ ತೇಲಿಬಂತು. ಇನ್ನೇನು ಸಾಕ್ಷಿ ಬೇಕು? ಸುಯಮೀಂದ್ರ ಎದ್ದು ನಿಂತು, "ಶೀಲಾ, ನಂದು ತಪ್ಪಾತು. ನಾ ಹಂಗ ಮಾತಾಡಬಾರದಿತ್ತು. ನಾಳಿಂದಲ್ಲ, ಈಗಿಂದಲೇ ಕೆಲಸಕ್ಕ ನಿಲ್ಲು" ಎಂದರು. ಶೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಸರೋಜವ್ವನ ಎದೆ ಉಬ್ಬಿತು. ಹೊಟ್ಟೆ ಖಾಲಿ ಇದ್ದರೂ ಇಂಥ ದಿನ ಒಂದು ತೂಕ ಹೆಚ್ಚೇ. ಸವಣೂರಿನ ಬಸ್ಸಿಗೆ ಇನ್ನೂ ಹೊತ್ತಿದೆಯೇ ಎಂದು ಅವಳು ಚೀಲ ತೆಗೆದುಕೊಂಡಳು.

"ಒಂದು ನಿಮಿಷ ಅವ್ವಾರ."

ರವಿಕುಮಾರ ಬಕೀಟಿನಿಂದ ಕಲ್ಲು ಹೊರತೆಗೆದು ಬುಡಮೇಲು ಮಾಡಿ ನೋಡುತ್ತಿದ್ದ. ಮತ್ತೆ ತೊಟ್ಟಿಗೆ ಕೈ ಹಾಕಿ ಬೇರೆ ಕಲ್ಲುಗಳ ತಳವನ್ನು ಸವರಿ ಬಂದ.

"ಇದು ನಾ ಕೊಟ್ಟ ಕಲ್ಲಲ್ರಿ."

"ಏನಂದೀ?"

"ನಾ ಕೊಡೋ ಕಲ್ಲಿನ ಬುಡ ಟೈಲ್ಸ್ ಕೊಯ್ಯೋ ಮಶಿನ್ನಿನ್ಯಾಗ ಸಪಾಟ ಕೊಯ್ದಿರತೇನಿ, ಉರುಳಬಾರದು ಅಂತ. ಕೊಡೋಕ್ಕಿಂತ ಮೊದಲ ಬ್ಯಾರೆ ನೀರಾಗ ಇಟ್ಟು ಒಳಗ ಯಾರರ ಅದಾರೇನಂತ ನೋಡಿರತೇನಿ. ಒಳಗಿನ ಕಲ್ಲು ಎಲ್ಲಾ ಸಪಾಟ ಅದಾವ. ಇದರ ಬುಡ ನೋಡ್ರಿ, ಕೊಯ್ದ ಗುರ್ತ ಇಲ್ಲ. ಇದನ್ನ ಯಾರೋ ಆಮ್ಯಾಲೆ ತಂದು ಇಟ್ಟಾರ. ಇಂಥಾ ಪೈಲ್ವಾನ ಒಳಗದಾನ ಅಂತ ಗೊತ್ತಿದ್ದ ಇಟ್ಟಾರೋ ಏನೋ."

ಸರೋಜವ್ವ ಚೀಲ ಕೆಳಗಿಟ್ಟಳು. ಕರೆಯದೇ ಬಂದವನು ಅಂದುಕೊಂಡಿದ್ದರೆ, ಅವನನ್ನು ಕರೆದುಕೊಂಡೇ ಬಂದಿದ್ದರು!

"ಡಾಕ್ಟರ್ ಸಾಹೇಬ್ರ, ತೊಟ್ಟಿಗೆ ಕೈ ಹಾಕವ್ರು ಯಾರ್ಯಾರು?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು.

"ಆ ಕಲ್ಲು ಇಟ್ಟಾಕಿ ನಾನ ಅವ್ವಾರ."

ಶೀಲಾ ಗೋಡೆಗೆ ಒರಗಿ ನಿಂತಿದ್ದಳು. ಈಗಷ್ಟೇ ಒರೆಸಿಕೊಂಡ ಮುಖ ಬೆಳ್ಳಗಾಗಿತ್ತು. ಇಡೀ ಮಧ್ಯಾಹ್ನ ಉಪವಾಸ ಕೂತು ಸರೋಜವ್ವ ಯಾರ ಮೇಲಿನ ಕಳಂಕ ತೊಳೆದಿದ್ದಳೋ ಅವಳೇ!

"ನೀನಾ? ಎಲ್ಲಿಂದ ತಂದಿ?"

"ನಾ ತಂದಿಲ್ರಿ. ಒಳಗ ಏನೈತಿ ಅಂತನೂ ಗೊತ್ತಿರಲಿಲ್ಲ, ನಮ್ಮವ್ವನಾಣಿ. ಒದ್ದಿ ಅರಿವ್ಯಾಗ ಸುತ್ತಿ ತಂದು, ಹಿಂದಿನ ಮೂಲ್ಯಾಗ ಇಡು, ಯಾರಿಗೂ ಕಾಣದಂಗ ಇಡು ಅಂತ ನನ್ನ ಕೈಯಾಗ ಕೊಟ್ರು." ಅವಳು ಸೆರಗಿನ ತುದಿ ಹಿಂಡಿದಳು. "ಕೊಟ್ಟವ್ರು ಈ ಖೋಲ್ಯಾಗ ಅದಾರ್ರಿ."

ಸರೋಜವ್ವ ತಿರುಗಿದಳು. ಡಾಕ್ಟರು, ಅವರ ತಾಯಿ, ರವಿಕುಮಾರ. ಮೂವರಲ್ಲಿ ಒಬ್ಬರೂ ಶೀಲಾಳ ಕಡೆ ನೋಡುತ್ತಿರಲಿಲ್ಲ, ಮೂವರೂ ಬಕೀಟನ್ನೇ ನೋಡುತ್ತಿದ್ದರು.

ಸರೋಜವ್ವ ಹೋಗಿ ಬಾಗಿಲಿನ ಚಿಲಕವನ್ನು ಒಳಗಿನಿಂದ ಹಾಕಿದಳು.